ಒಲೆ ಮುಂದೆ ನಿಂತವನ ಕಥೆ ಯಾಕೆ ಯಾರೂ ಬರೆದಿಲ್ಲ?

ಕಲ್ಸಂಕದವಳು
ಎಲ್ಲರಿಗೂ ನಮಸ್ಕಾರ. ಹೋದ ವಾರ ಉಡುಪಿಯಲ್ಲಿ ಮಳೆ ಬಿಡದೆ ಹೊಯ್ಯುತ್ತಿತ್ತು. ಕರೆಂಟೂ ಇರಲಿಲ್ಲ. ಎರಡು ರಾತ್ರಿಯಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಓದಿ ಮುಗಿಸಿದೆ. ಮೋನಿಕ್ ಟ್ರೂಂಗ್ ಬರೆದ 'ದ ಬುಕ್ ಆಫ್ ಸಾಲ್ಟ್', 2003ರಲ್ಲಿ ಬಂದದ್ದು. ಅದನ್ನು ಓದಿದ ಮೇಲೆ ಮನಸ್ಸು ಸರಿ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಿನ್ ಎಂಬ ವಿಯೆಟ್ನಾಂ ಹುಡುಗನ ಕಥೆ ಅದು. ಸೈಗಾನ್‌ನಲ್ಲಿ ಫ್ರೆಂಚ್ ಗವರ್ನರ್ ಜನರಲ್ ಮನೆಯ ಅಡುಗೆಮನೆಯಲ್ಲಿ ಕೆಲಸ. ಅಪ್ಪ ಮನೆಯಿಂದ ಹೊರಗೆ ಹಾಕುತ್ತಾನೆ. ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಸೇರಿ, ಕೊನೆಗೆ ಪ್ಯಾರಿಸ್ ತಲುಪುತ್ತಾನೆ. ಅಲ್ಲಿ ಜಾಹೀರಾತು ನೋಡಿ ಲೇಖಕಿ ಗರ್ಟ್ರೂಡ್ ಸ್ಟೈನ್ ಮತ್ತು ಆಲಿಸ್ ಟೋಕ್ಲಾಸ್ ಮನೆಗೆ ಅಡುಗೆಯವನಾಗಿ ಹೋಗುತ್ತಾನೆ. ಈ ಇಬ್ಬರು ಅಮೆರಿಕನ್ ಹೆಂಗಸರು ನಿಜವಾಗಿ ಬದುಕಿದ್ದವರು. ಪಿಕಾಸೊ, ಹೆಮಿಂಗ್ವೇ ಬಂದು ಕೂರುತ್ತಿದ್ದ ಮನೆ. 1934ರಲ್ಲಿ ಅವರು ಅಮೆರಿಕಕ್ಕೆ ಹೊರಟು ನಿಲ್ಲುತ್ತಾರೆ. ಇವನು ಈಗ ಎಲ್ಲಿಗೆ ಹೋಗಬೇಕು? ಅದೇ ಕಥೆ.

ಓದುತ್ತಾ ಓದುತ್ತಾ ನನಗೆ ನೆನಪಾದದ್ದು ನಮ್ಮ ದೊಡ್ಡಜ್ಜ, ಅಂದರೆ ಅಜ್ಜನ ಅಣ್ಣ. 1923ರ ಮಾರಿ ಬೊಳ್ಳದಲ್ಲಿ, ಅಂದರೆ ದೊಡ್ಡ ನೆರೆಯಲ್ಲಿ, ಗದ್ದೆ ಮರಳು ತುಂಬಿ ಹೋಯಿತಂತೆ. ಆಗ ಅವರಿಗೆ ಹನ್ನೆರಡು ವರ್ಷ. ಆ ಆಗಸ್ಟ್‌ನಲ್ಲೇ ಮಲ್ಪೆಯಲ್ಲಿ ಹಡಗು ಹತ್ತಿ ಮುಂಬೈಗೆ ಹೋದರು, ಅಲ್ಲಿ ಅಡುಗೆ ಕಲಿತರು ಅಂತ ಮನೆಯಲ್ಲಿ ಹೇಳುತ್ತಾರೆ. ಸುಮಾರು ವರ್ಷ ಮನಿಯಾರ್ಡರ್ ಬರುತ್ತಿತ್ತು. ಒಂದು ದಿನ ನಿಂತಿತು. ಒಂದು ಫೋಟೋ ಕೂಡ ಇಲ್ಲ.

ನಮ್ಮ ಊರಿನ ಹೋಟೆಲ್ ಮಾಲೀಕರ ಕಥೆ ಎಲ್ಲರಿಗೂ ಗೊತ್ತು. ಒಲೆ ಮುಂದೆ ನಿಂತವನ ಕಥೆ ಯಾಕೆ ಯಾರೂ ಬರೆದಿಲ್ಲ? ನಾನು ಬರೆಯಬೇಕು ಅಂತ ಇದ್ದೇನೆ. ನಿಮ್ಮ ಮನೆಗಳಲ್ಲಿ ಏನಾದರೂ ಮಾತು ಉಳಿದಿದ್ದರೆ ದಯವಿಟ್ಟು ಹೇಳಿ.

ಪಡುಬಿದ್ರಿ ಗಾಳಿ
ಬರೆಯಿರಿ ಅಕ್ಕ. ಮೊದಲ ಪ್ರತಿ ನನಗೆ.

ಹಳೇ ಬಂದರು
ಒಂದು ತಿದ್ದುಪಡಿ. ಆಗಸ್ಟ್‌ನಲ್ಲಿ ಮಲ್ಪೆಯಿಂದ ಹಡಗು ಹತ್ತಿರಲಿಕ್ಕಿಲ್ಲ. ಮಳೆಗಾಲದಲ್ಲಿ ಕರಾವಳಿಯ ಪ್ರಯಾಣಿಕರ ಹಡಗು ನಿಲ್ಲುತ್ತಿತ್ತು. ಆಗ ಇಲ್ಲಿ ಹಡಗು ದಡಕ್ಕೆ ಬರುತ್ತಿರಲಿಲ್ಲ, ದೂರದಲ್ಲಿ ಲಂಗರು ಹಾಕುತ್ತಿತ್ತು. ಜನರನ್ನು ದೋಣಿಯಲ್ಲಿ ಒಯ್ದು ಹತ್ತಿಸಬೇಕು. ಆಷಾಢದ ಕಡಲಿನಲ್ಲಿ ಅದು ಆಗುವ ಮಾತೇ ಅಲ್ಲ. ನಿಮ್ಮ ದೊಡ್ಡಜ್ಜ ನವರಾತ್ರಿ ಕಳೆದ ಮೇಲೆ ಹೋಗಿರಬೇಕು. ಇಲ್ಲವೇ ಆಗುಂಬೆ ಹತ್ತಿ, ಶಿವಮೊಗ್ಗ ಸೇರಿ, ಅಲ್ಲಿಂದ ರೈಲು ಹಿಡಿದಿರಬೇಕು. ಉಡುಪಿಗೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆ ಆದ ಮೇಲೆ. ಮಂಗಳೂರಿಗೆ 1907ರಲ್ಲೇ ಬಂದಿತ್ತು, ಆದರೆ ಅದು ಮದ್ರಾಸ್ ಕಡೆಗೆ ಹೋಗುವ ದಾರಿ.

ಕಲ್ಸಂಕದವಳು
ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಬೊಳ್ಳ ಇಳಿದ ಮೇಲೆ ಎರಡು ಮೂರು ತಿಂಗಳು ಮನೆಯಲ್ಲೇ ಇದ್ದರು. ಮರಳು ತುಂಬಿದ ಗದ್ದೆ ನೋಡುತ್ತಾ ಹಡಗಿಗೆ ಕಾದರು. ಹೋಗುವುದಕ್ಕಿಂತ ಆ ಕಾಯುವುದೇ ದೊಡ್ಡ ಅಧ್ಯಾಯ ಆಗುತ್ತದೆ ಅಲ್ವಾ?

ಮಾಟುಂಗಾದಿಂದ ಮರಳಿದವ
ನನ್ನ ಅಪ್ಪ ಮುಂಬೈಯಲ್ಲಿ 38 ವರ್ಷ ಅಡುಗೆ ಮಾಡಿದವರು. ಹೋದದ್ದು 1949ರಲ್ಲಿ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನಿಮಗೆ ಬೇಕಾದದ್ದು ತೆಗೆದುಕೊಳ್ಳಿ.

ಮೊದಲ ವರ್ಷ ಸಂಬಳ ಇಲ್ಲ. ಊಟ, ಎರಡು ಚಡ್ಡಿ, ಮಲಗಲು ಜಾಗ. ಜಾಗ ಅಂದರೆ ಹೋಟೆಲ್ ಬಾಗಿಲು ಹಾಕಿದ ಮೇಲೆ ಅದೇ ಮೇಜು. ಬೆಳಿಗ್ಗೆ ನಾಲ್ಕಕ್ಕೆ ಕಡೆಯುವ ಕಲ್ಲಿನ ಮುಂದೆ ಕೂರಬೇಕು. ಮೊದಲು ಲೋಟ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ಆಮೇಲೆ ಕಡೆಯುವುದು, ತರಕಾರಿ ಹೆಚ್ಚುವುದು. ಸೌಟು ಕೈಗೆ ಬರಲು ಏಳು ವರ್ಷ ಹಿಡಿಯಿತು. ರಾತ್ರಿ ಕನ್ನಡ ಶಾಲೆ ಇತ್ತು. ಹೋಟೆಲ್ ಹುಡುಗರಿಗಾಗಿಯೇ ನಡೆಯುತ್ತಿದ್ದ ರಾತ್ರಿ ಶಾಲೆಗಳು ಆ ಕಾಲದಲ್ಲಿ ಮುಂಬೈಯಲ್ಲಿ ತುಂಬಾ ಇದ್ದವು. ಅಪ್ಪ ಓದಲು ಬರೆಯಲು ಕಲಿತದ್ದು ಅಲ್ಲೇ. ಊರಲ್ಲಿ ಕಲಿಯದ ಕನ್ನಡವನ್ನು ಮುಂಬೈಯಲ್ಲಿ ಕಲಿತರು. ಮನೆಮಾತು ತುಳು ನೋಡಿ.

ಹೆಸರಿನ ವಿಷಯ ಹೇಳಲೇಬೇಕು. ಅಡುಗೆಮನೆಯಲ್ಲಿ ಅವರು 'ಮಾಣಿ'. ಗಿರಾಕಿಗಳಿಗೆ 'ಮದ್ರಾಸಿ'. ವಯಸ್ಸಾದ ಮೇಲೆ 'ಅಣ್ಣಾ'. ಅವರ ಹೆಸರು ಹಿಡಿದು ಕರೆಯುತ್ತಿದ್ದದ್ದು ಪೋಸ್ಟ್‌ಮ್ಯಾನ್ ಒಬ್ಬನೇ ಅಂತ ಅಪ್ಪ ಹೇಳುತ್ತಿದ್ದರು.

1960ರ ದಶಕದ ಕೊನೆಗೆ ದಕ್ಷಿಣದವರ ವಿರುದ್ಧ 'ಲುಂಗಿ ಹಠಾವ್' ಗಲಾಟೆ ಆಯಿತು. ಅವರಿದ್ದ ಹೋಟೆಲಿನ ಗಾಜು ಒಡೆದರು. ಅಪ್ಪ ಹಿಂದಿನ ಬಾಗಿಲಿನಿಂದ ಓಡಿ ಕಟ್ಟಿಗೆ ಕೋಣೆಯಲ್ಲಿ ಒಂದು ರಾತ್ರಿ ಕೂತಿದ್ದರು. ಮರುದಿನ ಬೆಳಿಗ್ಗೆ ಅದೇ ಬೀದಿಯ ಜನ ಇಡ್ಲಿಗೆ ಬಂದು ನಿಂತರು. ಬಡಿಸಿದರು. ಬಿಟ್ಟು ಬರುವ ಯೋಚನೆ ಬರಲಿಲ್ವಾ ಅಂತ ನಾನು ಕೇಳಿದ್ದೆ. "ಬಂದು ಇಲ್ಲಿ ಏನು ಮಾಡುವುದು?" ಅಂದರು.

ಕಾರ್ಕಳದ ಮೇಷ್ಟ್ರು
ಒಳ್ಳೆಯ ಚರ್ಚೆ. ಆದರೆ ನನ್ನ ಒಂದು ತಕರಾರು ಇದೆ. ವಿಯೆಟ್ನಾಂ ಹುಡುಗನದ್ದು ದೇಶ ಬಿಟ್ಟು ಹೋದ ಕಥೆ. ನಮ್ಮವರದ್ದು ಹೊಟ್ಟೆಪಾಡಿನ ವಲಸೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಮದ್ರಾಸಿಗೆ ಹೋದವರಂತೂ ಪರರಾಜ್ಯಕ್ಕೆ ಹೋದವರೇ ಅಲ್ಲ. 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೇ ಸೇರಿತ್ತು. ಅದು ನಮ್ಮ ರಾಜಧಾನಿ. ಕಡಂದಲೆಯ ಕೃಷ್ಣರಾಯರು ಅಲ್ಲಿ ಅಡುಗೆಮನೆಯ ಸಹಾಯಕರಾಗಿ ಶುರು ಮಾಡಿ, 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಪಾರಂಪಳ್ಳಿಯ ಮಯ್ಯರು ಬೆಂಗಳೂರಿನಲ್ಲಿ 1924ರಲ್ಲಿ ಎಂಟಿಆರ್ ಶುರು ಮಾಡಿದರು. ಮುಂಬೈಯ ಮಾಟುಂಗಾದಲ್ಲಿ ರಾಮ ನಾಯಕರ ಬೋರ್ಡಿಂಗ್ 1942ರದ್ದು. ಇವು ಗೆದ್ದವರ ಕಥೆಗಳು. ಅಳುವುದು ಯಾಕೆ?

ಮಾಟುಂಗಾದಿಂದ ಮರಳಿದವ
ಮೇಷ್ಟ್ರೇ, ನೀವು ಕೊಟ್ಟ ಹೆಸರೆಲ್ಲ ಮಾಲೀಕರದ್ದು. ಪ್ರಶ್ನೆ ಕೇಳಿದ್ದೇ ಅದರ ಬಗ್ಗೆ. ಕೃಷ್ಣರಾಯರ ಮೇಲೆ ನನಗೂ ತುಂಬಾ ಗೌರವ ಇದೆ. ಆದರೆ ಒಬ್ಬರು ಕೃಷ್ಣರಾಯರಾದರೆ, ಅದೇ ಕಲ್ಲಿನ ಮುಂದೆ ಕೂತು ಮಾಣಿಯಾಗಿಯೇ ಮುದುಕರಾದವರು ಎಷ್ಟು ಜನ!

ಮಣಿಪಾಲ ಓದು
ಕಲ್ಸಂಕದವರೇ, ನೀವು ಕಾದಂಬರಿಯ ಮುಖ್ಯ ವಿಷಯವನ್ನೇ ಬಿಟ್ಟು ಕಥೆ ಹೇಳಿದ್ದೀರಿ. ಅಪ್ಪ ಬಿನ್‌ನನ್ನು ಹೊರಗೆ ಹಾಕಿದ್ದು ಯಾಕೆ? ಅವನು ಒಬ್ಬ ಗಂಡಸನ್ನು ಪ್ರೀತಿಸಿದ. ಅದೇ ಅಡುಗೆಮನೆಯ ಫ್ರೆಂಚ್ ಮುಖ್ಯ ಬಾಣಸಿಗ. ಸುದ್ದಿ ಹೊರಗೆ ಬಿತ್ತು, ಕೆಲಸವೂ ಹೋಯಿತು, ಮನೆಯೂ ಹೋಯಿತು. ಅವನು ಕೆಲಸ ಮಾಡುವ ಪ್ಯಾರಿಸ್ ಮನೆಯಲ್ಲೂ ಇರುವುದು ಸಂಗಾತಿಗಳಾಗಿ ಬಾಳಿದ ಇಬ್ಬರು ಹೆಂಗಸರು. ಅವರು ತಲೆ ಎತ್ತಿ ಬದುಕಬಹುದು, ಇವನು ಬಚ್ಚಿಟ್ಟುಕೊಳ್ಳಬೇಕು. ಇದನ್ನು ತೆಗೆದರೆ ಆ ಪುಸ್ತಕದಲ್ಲಿ ಉಪ್ಪೇ ಇಲ್ಲ. ಮುಂಬೈಗೆ ಓಡಿ ಹೋದ ನಮ್ಮ ಹುಡುಗರಲ್ಲೂ ಹೀಗೆ ಹೋದವರು ಇದ್ದಿರುತ್ತಾರೆ. "ಬಡತನಕ್ಕೆ ಹೋದ" ಅಂತ ಮನೆಯವರು ಹೇಳಿ ಮುಗಿಸಿರುತ್ತಾರೆ.

ಕಲ್ಸಂಕದವಳು
ನೀವು ಹೇಳಿದ್ದು ಸರಿ. ಇಲ್ಲಿ ಹಿರಿಯರು ಇದ್ದಾರೆ ಅಂತ ಹಿಂಜರಿದೆ. ಹಾಗೆ ಮಾಡಬಾರದಿತ್ತು. ನಮ್ಮ ದೊಡ್ಡಜ್ಜ ಮದುವೆ ಆಗಲಿಲ್ಲ. ಅವರು ಯಾಕೆ ಮರಳಲಿಲ್ಲ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನು ಬರೆಯುವಾಗ ಆ ಪ್ರಶ್ನೆಯನ್ನು ಮುಚ್ಚುವುದಿಲ್ಲ.

ಕಾರ್ಕಳದ ಮೇಷ್ಟ್ರು
ಹಿರಿಯರಿಗಾಗಿ ಹಿಂಜರಿಯಬೇಡಿ ತಾಯಿ. ನಾವೂ ಓದುತ್ತೇವೆ. ಮನೆಯಿಂದ ಹೊರಗೆ ಹಾಕಿಸಿಕೊಂಡವನಿಗೆ ಪ್ಯಾರಿಸ್ ಆದರೇನು, ಮುಂಬೈ ಆದರೇನು. ನನ್ನ ತಕ್ಕಡಿಯ ಮಾತನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ.

ತಾಳಮದ್ದಳೆ ಪ್ರೇಮಿ
ನೀವೆಲ್ಲ ಪ್ಯಾರಿಸ್‌ಗೆ ಹೋಗಿದ್ದೀರಿ. ನಮ್ಮಲ್ಲೇ ಇಬ್ಬರು ಇದ್ದಾರಲ್ಲ! ಒಬ್ಬ ಭೀಮ. ವಿರಾಟನ ಮನೆಯಲ್ಲಿ ವಲಲ ಅಂತ ಹೆಸರು ಇಟ್ಟುಕೊಂಡು ಒಂದು ವರ್ಷ ಸೌಟು ಹಿಡಿದ. ಇನ್ನೊಬ್ಬ ನಳ. ರಾಜ್ಯ ಹೋಯಿತು, ಕಾರ್ಕೋಟಕ ಕಚ್ಚಿ ರೂಪ ಹೋಯಿತು, ಬಾಹುಕ ಅಂತ ಋತುಪರ್ಣನ ಹತ್ತಿರ ಚಾಕರಿಗೆ ಸೇರಿದ. ದಮಯಂತಿಗೆ ಗುರುತು ಹೇಗೆ ಸಿಕ್ಕಿತು? ಅವನು ಮಾಡಿದ ಅಡುಗೆಯನ್ನು ದಾಸಿ ಕೇಶಿನಿಯ ಕೈಯಲ್ಲಿ ತರಿಸಿ ಬಾಯಿಗೆ ಇಟ್ಟು ನೋಡಿದಳು. ಮುಖ ನೋಡಿ ಗೊತ್ತಾಗದ್ದು ರುಚಿಯಲ್ಲಿ ಗೊತ್ತಾಯಿತು. ನಳಪಾಕ ಅಂತ ನಾವು ದಿನಾ ಹೇಳುತ್ತೇವೆ, ಆದರೆ ಅದು ಊರು ಬಿಟ್ಟವನ ಪಾಕ ಅನ್ನುವುದು ಮರೆತೇ ಹೋಗಿದೆ.

ಕುಂದಾಪ್ರ ಮಾತು
ಮೂಲದಲ್ಲಿ ಅವಳು ತರಿಸಿದ್ದು ಮಾಂಸದ ಅಡುಗೆ. ಅದನ್ನೂ ಹೇಳಿ.

ತಾಳಮದ್ದಳೆ ಪ್ರೇಮಿ
ಹೌದು, ವ್ಯಾಸಭಾರತದಲ್ಲಿ ಮಾಂಸ ಅಂತಲೇ ಇದೆ. ನಾನು ಮುಚ್ಚಿಡಲಿಲ್ಲ, ಅವಸರದಲ್ಲಿ ಬರೆದೆ.

ಘಟ್ಟದ ಮೇಲಿನವ
ನಾನು ಆ ಇಂಗ್ಲಿಷ್ ಪುಸ್ತಕ ಓದಿದ್ದೇನೆ. ನನಗೆ ಅಷ್ಟು ಹಿಡಿಸಲಿಲ್ಲ. ಫ್ರೆಂಚ್ ನೆಟ್ಟಗೆ ಬಾರದ ಅಡುಗೆಯವನು ಪುಟ ಪುಟಕ್ಕೂ ಕವಿಯ ಹಾಗೆ ಯೋಚಿಸುತ್ತಾನೆ. ನಂಬಲು ಆಗುವುದಿಲ್ಲ. ನೀವು ಬರೆಯುವಾಗ ದೊಡ್ಡಜ್ಜನ ಬಾಯಲ್ಲಿ ಅಷ್ಟು ಚಂದದ ಮಾತು ಹಾಕಬೇಡಿ.

ತಾಳಮದ್ದಳೆ ಪ್ರೇಮಿ
ಇದನ್ನು ನಾನು ಒಪ್ಪುವುದೇ ಇಲ್ಲ. ನಮ್ಮ ಊರಲ್ಲಿ ಒಬ್ಬರು ಅಡುಗೆ ಭಟ್ಟರು ಇದ್ದರು. ಶಾಲೆ ಮೂರನೇ ಕ್ಲಾಸಿಗೆ ನಿಂತಿತ್ತು. ಹಗಲು ಮದುವೆ ಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು "ಹೂಂ", "ಸಾಕು", "ಉಪ್ಪು ತಾ" ಬಿಟ್ಟು ಬೇರೆ ಮಾತಿಲ್ಲ. ರಾತ್ರಿ ತಾಳಮದ್ದಳೆಗೆ ಕೂತು ಕರ್ಣನ ಅರ್ಥ ಹೇಳಿದರೆ ಎದುರಿನ ಕೃಷ್ಣ ಬೆವರುತ್ತಿದ್ದ. ಪರಭಾಷೆಯಲ್ಲಿ ತೊದಲುವವನು ತನ್ನ ಭಾಷೆಯಲ್ಲೂ ತೊದಲುತ್ತಾನೆ ಅಂತ ಯಾಕೆ ಅಂದುಕೊಳ್ಳುತ್ತೀರಿ? ಮುಂಬೈ ಗಿರಾಕಿಗೆ ಕೇಳಿದ್ದು "ಔರ್ ಸಾಂಬಾರ್?" ಎಂಬ ಎರಡು ಮಾತು. ಅಷ್ಟೇ ಅವನ ಬುದ್ಧಿ ಅಂತ ಗಿರಾಕಿ ಅಂದುಕೊಂಡ. ಕಾದಂಬರಿ ಬರೆಯುವವರೂ ಹಾಗೆ ಅಂದುಕೊಳ್ಳಬಾರದು.

ಘಟ್ಟದ ಮೇಲಿನವ
ಹೀಗೆ ಯೋಚಿಸಿರಲಿಲ್ಲ. ಇನ್ನೊಮ್ಮೆ ಓದುತ್ತೇನೆ.

ಶಿರ್ವದ ಸೊಸೆ
ಭಾಷೆಯ ಮಾತು ಬಂತಲ್ಲ, ಒಂದು ಚಂದದ ವಿಷಯ ಹೇಳುತ್ತೇನೆ. ಆಲಿಸ್ ಟೋಕ್ಲಾಸ್ 1954ರಲ್ಲಿ ಒಂದು ಅಡುಗೆ ಪುಸ್ತಕ ಬರೆದರು. ಅದರಲ್ಲಿ ತಮ್ಮ ಮನೆಯಲ್ಲಿ ನಿಜವಾಗಿ ಕೆಲಸ ಮಾಡಿದ ಇಂಡೋಚೈನಾದ, ಅಂದರೆ ವಿಯೆಟ್ನಾಂ ಕಡೆಯ, ಅಡುಗೆಯವರ ಬಗ್ಗೆ ಸ್ವಲ್ಪ ಇದೆ. ಈ ಕಾದಂಬರಿ ಹುಟ್ಟಿದ್ದೇ ಆ ನಾಲ್ಕು ಸಾಲಿನಿಂದ. ಅವರಲ್ಲಿ ಒಬ್ಬನಿಗೆ ಫ್ರೆಂಚ್ ಸಾಲದು. ಸ್ಟ್ರಾಬೆರಿಗೆ "ಚೆರಿ ಅಲ್ಲ" ಅನ್ನುತ್ತಿದ್ದ. ಅನಾನಸಿಗೆ "ಪಿಯರ್ ಅಲ್ಲದ ಪಿಯರ್".

ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಯಾಕೆ ಗೊತ್ತಾ? ನಮ್ಮ ಕೊಂಕಣಿಯ 'ಪೇರ್', ನೀವು ಹೇಳುವ 'ಪೇರಳೆ', ಪೋರ್ಚುಗೀಸರ 'ಪೇರ' ಎಂಬ ಮಾತಿನಿಂದ ಬಂದದ್ದು. ಅದರ ಅರ್ಥ ಪಿಯರ್. ಗೋವೆಗೆ ಬಂದ ಪೋರ್ಚುಗೀಸರು ಈ ಹಣ್ಣಿಗೂ ತಮ್ಮ ಊರಿನ ಹಣ್ಣಿನ ಹೆಸರನ್ನೇ ಹಾಕಿದರು. ಪಿಯರ್ ಅಲ್ಲದ ಪಿಯರನ್ನು ನಾವು ದಿನಾ ಉಪ್ಪು ಖಾರ ಹಾಕಿ ತಿನ್ನುತ್ತಿದ್ದೇವೆ! ಊರು ನೆನಪಾದವರು ಕೊಟ್ಟ ಹೆಸರು ಅದು.

ಪಡುಬಿದ್ರಿ ಗಾಳಿ
ಜೀಗುಜ್ಜೆಗೆ 'ದೀವಿ ಹಲಸು' ಅನ್ನುವುದೂ ಹಾಗೇ ಅಲ್ವಾ? ಹಲಸಲ್ಲದ ಹಲಸು.

ಕುಂದಾಪ್ರ ಮಾತು
ಸೀಮೆಬದನೆ. ಪರಂಗಿ ಹಣ್ಣು. ಬಟಾಟೆ ಅಂತೂ ನೇರ ಅವರದ್ದೇ ಮಾತು.

ಹಳೇ ಬಂದರು
ಮೆಣಸಿನಕಾಯಿಯೇ ನಮ್ಮದಲ್ಲ, ಅದೂ ಹಡಗಿನಲ್ಲಿ ಬಂದದ್ದು. ಅದಕ್ಕೇ ನಮ್ಮವರು ಹಳೆಯ ಕಾಳುಮೆಣಸಿಗೆ 'ಒಳ್ಳೆಮೆಣಸು' ಅಂತ ಕರೆದು ಬೇರೆ ಇಟ್ಟದ್ದು.

ಬ್ರಹ್ಮಾವರ ಅತ್ತೆ
ಹಣ್ಣಿನ ಮಾತು ಸಾಕು ಮಕ್ಕಳೇ, ಸ್ವಲ್ಪ ಇಲ್ಲಿ ಕೇಳಿ. ಹೋದವರ ಕಥೆ ಬರೆಯುತ್ತೀರಿ. ಉಳಿದವಳ ಕಥೆ? ನನ್ನ ಅತ್ತೆಗೆ ಗಂಡ ಅಂದರೆ ವರ್ಷಕ್ಕೆ ಒಂದು ತಿಂಗಳು. ಕೆಲವು ವರ್ಷ ಅದೂ ಇಲ್ಲ. ಅವರು ಮದ್ರಾಸಿನಲ್ಲಿ ಸಾವಿರ ಜನಕ್ಕೆ ಬಡಿಸುತ್ತಿದ್ದರು. ಇಲ್ಲಿ ಅತ್ತೆ ಮಳೆಗಾಲಕ್ಕೆ ಭರಣಿಯಲ್ಲಿ ಉಪ್ಪು ಸೊಳೆ, ಅಂದರೆ ಉಪ್ಪಿನಲ್ಲಿ ಹಲಸಿನ ತೊಳೆ, ಹಾಕಿ ಇಡುತ್ತಿದ್ದರು, ಅವರಿಗೆ ಇಷ್ಟ ಅಂತ. ಅವರು ಬರುವುದು ಬೇಸಿಗೆಯಲ್ಲಿ, ಆಗ ಹಸಿ ಹಲಸೇ ಇರುತ್ತದೆ. ಉಪ್ಪು ಸೊಳೆಯ ಹುಳಿ ಅವರು ತಿಂದದ್ದೇ ಇಲ್ಲ. ಆದರೂ ಪ್ರತಿ ವರ್ಷ ಒಂದು ಭರಣಿ ಜಾಸ್ತಿ ಹಾಕುತ್ತಿದ್ದರು. ನಿಮ್ಮ ಪುಸ್ತಕಕ್ಕೆ ಉಪ್ಪಿನ ಹೆಸರು ಇಡುವುದಾದರೆ ಆ ಭರಣಿಯ ಉಪ್ಪನ್ನೂ ಸೇರಿಸಿ.

ಕಲ್ಸಂಕದವಳು
ಅತ್ತೆ, ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ಇದನ್ನು ಬಳಸಲು ಅನುಮತಿ ಕೊಡುತ್ತೀರಾ?

ಬ್ರಹ್ಮಾವರ ಅತ್ತೆ
ಬಳಸಿ ಮಗಾ. ಅದಕ್ಕೇ ಹೇಳಿದ್ದು.

ಉದ್ಯಾವರ ಹೊಳೆ
ಇಷ್ಟು ಹೊತ್ತು ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ನನ್ನ ಅಜ್ಜನೂ ಅಡುಗೆಯವರೇ. ನಾವು ಬ್ರಾಹ್ಮಣರಲ್ಲ. ಆ ಕಾಲದ ಹೋಟೆಲಿನಲ್ಲಿ ಅಡುಗೆಮನೆಗೆ ಬೇರೆ ಜಾತಿಯವರನ್ನು ಬಿಡುತ್ತಿರಲಿಲ್ಲ. ಲೋಟ ತೊಳೆಯಬಹುದು, ಒಲೆ ಹತ್ತಿರ ಹೋಗುವ ಹಾಗಿಲ್ಲ. ಅಜ್ಜ ಒಂದು ಊರಲ್ಲಿ ಲೋಟ ತೊಳೆಯುತ್ತಾ ನೋಡಿ ನೋಡಿ ಅಡುಗೆ ಕಲಿತರು. ಆಮೇಲೆ ಇನ್ನೊಂದು ಊರಿಗೆ ಹೋಗಿ ಹೆಸರಿನ ಮುಂದೆ 'ರಾವ್' ಹಾಕಿಕೊಂಡು ಒಳಗೆ ಸೇರಿದರು. ಹದಿನಾರು ವರ್ಷ. ಜನಿವಾರ ಹಾಕಿಕೊಂಡಿದ್ದರು. ನಿದ್ದೆಯಲ್ಲಿ ಏನಾದರೂ ಮಾತಾಡಿಬಿಟ್ಟರೆ ಅಂತ ಹೆದರಿ ಎಲ್ಲರಿಂದ ದೂರ ಮಲಗುತ್ತಿದ್ದರಂತೆ. ಊರಿನವರು ಯಾರಾದರೂ ಹೋಟೆಲಿಗೆ ಬಂದರೆ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಊರಿನವರನ್ನು ನೋಡಲು ಅಷ್ಟು ಆಸೆ ಇದ್ದವರು, ಊರಿನವರಿಗೇ ಹೆದರಿ ಬದುಕಿದರು.

ವಲಲನಿಗೆ ಒಂದೇ ವರ್ಷ. ನಮ್ಮ ಅಜ್ಜನಿಗೆ ಹದಿನಾರು.

ಬೈಂದೂರು ದಾರಿ
ದಯವಿಟ್ಟು ಎಲ್ಲದಕ್ಕೂ ಜಾತಿ ತರಬೇಡಿ. ಬಡ ಬ್ರಾಹ್ಮಣ ಹುಡುಗರೂ ಅದೇ ಹೊಗೆಯಲ್ಲಿ ಬೆಂದವರು. ಮಠದ ಊಟದ ಪಂಕ್ತಿಯಲ್ಲಿ ಹೊಟ್ಟೆ ಹೊರೆದು, ಆಮೇಲೆ ಮುಂಬೈಗೆ ಹೋದವರು. 1974ರ ಭೂಸುಧಾರಣೆಯಲ್ಲಿ ಗೇಣಿ ಭೂಮಿ ಒಕ್ಕಲುಗಳಿಗೆ ಹೋದ ಮೇಲೆ ನಮ್ಮ ಮನೆಯಿಂದಲೇ ಮೂವರು ಹೋದರು.

ಉದ್ಯಾವರ ಹೊಳೆ
ನಾನು ಯಾರನ್ನೂ ಬೈದಿಲ್ಲ. ನನ್ನ ಅಜ್ಜನ ವಿಷಯ ಹೇಳಿದೆ. ಜಾತಿ ನಾನು ತಂದದ್ದಲ್ಲ, ಆ ಬಾಗಿಲಲ್ಲೇ ಇತ್ತು. ಮದ್ರಾಸಿನಲ್ಲಿ ಹೋಟೆಲ್ ಬೋರ್ಡಿನ ಮೇಲಿನ 'ಬ್ರಾಹ್ಮಣ' ಎಂಬ ಪದ ತೆಗೆಸಲು 1957ರಲ್ಲಿ ಪೆರಿಯಾರ್ ಚಳವಳಿಯನ್ನೇ ಮಾಡಬೇಕಾಯಿತು. ಮತ್ತೆ, ನೀವು ಹೇಳಿದ 1974ರಲ್ಲೇ ನಮಗೆ ಅರ್ಧ ಎಕರೆ ಗೇಣಿ ಭೂಮಿ ಸಿಕ್ಕಿತು. ಅಜ್ಜ ಅದೇ ವರ್ಷ ಮರಳಿ ಬಂದರು, ಜನಿವಾರ ತೆಗೆದು ಹೊಳೆಗೆ ಬಿಟ್ಟರು.

ಬೈಂದೂರು ದಾರಿ
ನಮ್ಮವರು ಹೋದ ವರ್ಷ ನಿಮ್ಮವರು ಬಂದರು. ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ನಿಮ್ಮ ಅಜ್ಜನ ಮೇಲೆ ನನಗೆ ಗೌರವ ಇದೆ, ಅದು ಮಾತ್ರ ಹೇಳುತ್ತೇನೆ.

ಕಾರ್ಕಳದ ಮೇಷ್ಟ್ರು
ಉದ್ಯಾವರದವರೇ, ವಲಸೆ ಅಂದಿದ್ದೆನಲ್ಲ, ಆ ಉಳಿದ ಅರ್ಧವನ್ನೂ ವಾಪಸ್ ತೆಗೆದುಕೊಂಡೆ. ತನ್ನ ಹೆಸರನ್ನೇ ಬಿಟ್ಟು ಬದುಕಿದವನಿಗೆ ದೇಶಾಂತರ ಅಂತಲೇ ಹೇಳಬೇಕು.

ಘಟ್ಟದ ಮೇಲಿನವ
ಈ ಕಾಲಕ್ಕೆ ಸಂಬಂಧಿಸಿ ಇನ್ನೊಂದು. 1911ರಲ್ಲಿ ಸೈಗಾನ್‌ನಿಂದ ಹೊರಟ ಒಂದು ಫ್ರೆಂಚ್ ಹಡಗಿನ ಅಡುಗೆಮನೆಯಲ್ಲಿ ಸಹಾಯಕನಾಗಿ ಬೇರೆ ಹೆಸರಿನಲ್ಲಿ ಸೇರಿದ ಒಬ್ಬ ಹುಡುಗ ಮುಂದೆ ವಿಯೆಟ್ನಾಂ ನಾಯಕ ಹೋ ಚಿ ಮಿನ್ ಆದ. ಕಾದಂಬರಿಯಲ್ಲಿ ಪ್ಯಾರಿಸ್ ಸೇತುವೆಯ ಮೇಲೆ ಬಿನ್‌ಗೆ ಸಿಗುವ ಮನುಷ್ಯ ಅವನೇ ಅಂತ ಗೊತ್ತಾಗುತ್ತದೆ.

ಪಡುಬಿದ್ರಿ ಗಾಳಿ
ಮುಂಬೈ ಸಾಂಬಾರಿಗೆ ಬೆಲ್ಲ ಯಾಕೆ ಅಷ್ಟು ಹಾಕುತ್ತಾರೆ? ಯಾರಿಗಾದರೂ ಗೊತ್ತಾ? ಅದು ನಮ್ಮ ಊರಿನ ರುಚಿಯೇ ಅಲ್ಲ.

ಮಾಟುಂಗಾದಿಂದ ಮರಳಿದವ
ಅಲ್ಲಿಯ ಗುಜರಾತಿ ಗಿರಾಕಿಗಳ ನಾಲಗೆಗೆ ತಕ್ಕ ಹಾಗೆ ಅಂತ ಅಪ್ಪ ಹೇಳುತ್ತಿದ್ದರು. ನಮ್ಮ ಊರಲ್ಲೂ ಬೆಲ್ಲ ಹಾಕುತ್ತೇವೆ, ಆದರೆ ಅಷ್ಟಲ್ಲ.

ಈ ಪ್ರಶ್ನೆಯಿಂದ ಒಂದು ನೆನಪಾಯಿತು, ಇದೇ ನಿಮಗೆ ಹೆಚ್ಚು ಬೇಕಾಗಬಹುದು ಕಲ್ಸಂಕದವರೇ. 38 ವರ್ಷದಲ್ಲಿ ಅಪ್ಪ ತಾನು ಮಾಡಿದ ಸಾಂಬಾರನ್ನು ಉಪ್ಪು ನೋಡಲು ಬಿಟ್ಟರೆ ತಿಂದದ್ದೇ ಇಲ್ಲ. ಮಧ್ಯಾಹ್ನ ಮೂರಕ್ಕೆ ಗಿರಾಕಿಗಳ ಊಟ ಮುಗಿದ ಮೇಲೆ ಅಡುಗೆಮನೆಯ ಹಿಂದೆ ಇವರಿಗೆ ಬೇರೆ ಪಾತ್ರೆ. ಅದರಲ್ಲಿ ಕುಚ್ಚಲಕ್ಕಿ ಗಂಜಿ. ಹೋಟೆಲಿನಲ್ಲಿ ಬಡಿಸುವುದು ಬಿಳಿ ಅನ್ನ. ಈ ಕುಚ್ಚಲಕ್ಕಿ ಊರಿಂದ ಬರುವವರ ಟ್ರಂಕಿನಲ್ಲೇ ಬರಬೇಕು. ಬರುವವನ ಬಟ್ಟೆಗೆ ಜಾಗ ಇರಲಿಲ್ಲ, ಅಕ್ಕಿಗೆ ಇತ್ತು. ಅಕ್ಕಿ ಮುಗಿದ ತಿಂಗಳು ಎಲ್ಲರ ಮುಖವೂ ಬಾಡುತ್ತಿತ್ತಂತೆ. 'ಉಡುಪಿ ಊಟ' ಅಂತ ಮುಂಬೈ ತಿಂದದ್ದು ಬೇರೆ. ಉಡುಪಿಯವರು ತಿಂದದ್ದು ಹಿಂದಿನ ಬಾಗಿಲಲ್ಲಿ.

ಶಿರ್ವದ ಸೊಸೆ
ಆ ಗಂಜಿಯಿಂದ ಕಾದಂಬರಿ ಶುರು ಮಾಡಿ. ದಯವಿಟ್ಟು.

ಮಣಿಪಾಲ ಓದು
ನನ್ನದೂ ಅದೇ ಮಾತು.

ಬೈಂದೂರು ದಾರಿ
ಗಂಜಿಗೆ ನೆಂಚಿಕೊಳ್ಳಲು ಏನು?

ಮಾಟುಂಗಾದಿಂದ ಮರಳಿದವ
ಮಾವಿನ ಮಿಡಿ ಉಪ್ಪಿನಕಾಯಿ. ಅದೂ ಇಲ್ಲದಿದ್ದರೆ ಉಪ್ಪು, ಒಂದು ಹಸಿಮೆಣಸು.

ಕಲ್ಸಂಕದವಳು
ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ನಿನ್ನೆ ರಾತ್ರಿ ಅಮ್ಮನಿಗೆ ಇಡೀ ಚರ್ಚೆ ಓದಿ ಹೇಳಿದೆ. ಹಡಗಿನ ವಿಷಯ ಕೇಳಿ ಅವರಿಗೆ ಒಂದು ನೆನಪಾಯಿತು. ದೊಡ್ಡಜ್ಜ ಹೊರಟದ್ದು ದೀಪಾವಳಿ ಮರುದಿನ, ಎಣ್ಣೆ ಸ್ನಾನದ ಎಣ್ಣೆ ಇನ್ನೂ ತಲೆಯಲ್ಲಿತ್ತು ಅಂತ ಅಜ್ಜಿ ಹೇಳುತ್ತಿದ್ದರಂತೆ. ಹಾಗಾದರೆ ಹಳೇ ಬಂದರಿನವರು ಹೇಳಿದ್ದೇ ಸರಿ. ಇಷ್ಟು ವರ್ಷ ನಾವು ಬೊಳ್ಳದ ಮರುದಿನವೇ ಹೋದರು ಅಂತ ಹೇಳುತ್ತಿದ್ದೆವು.

ಇನ್ನೊಂದು. ಮನಿಯಾರ್ಡರ್ ಫಾರಂನ ಕೆಳಗೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತಲ್ಲ, ಆ ಚೀಟಿಗಳನ್ನು ಅಜ್ಜಿ ಎತ್ತಿಟ್ಟಿದ್ದರಂತೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಇರಬಹುದು ಅಂತ ಅಮ್ಮ ಹೇಳುತ್ತಾರೆ.

ಹಳೇ ಬಂದರು
ಈಗಲೇ ತೆಗೆಯಬೇಡಿ! ಈ ಮಳೆಯಲ್ಲಿ ಹಳೆ ಕಾಗದ ಬಿಚ್ಚಿದರೆ ಅಂಟಿಕೊಂಡು ಹರಿಯುತ್ತದೆ. ಬಿಸಿಲು ಬಂದ ಮೇಲೆ, ನೆರಳಿನಲ್ಲಿ, ಒಂದೊಂದಾಗಿ. ನಾನು ಬರುತ್ತೇನೆ ಬೇಕಾದರೆ.

ಕಲ್ಸಂಕದವಳು
ಬನ್ನಿ. ಟ್ರಂಕ್ ಮುಟ್ಟುವುದಿಲ್ಲ, ನವರಾತ್ರಿವರೆಗೆ ಕಾಯುತ್ತೇನೆ.